ಕಸಬರಿಗೆ ಮುಟ್ಟದ ಮೂಲೆಗೆ ಬರುವ ನವರಂಗ

ಪ್ರಶ್ನೆ: ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿದೆ. ಹಿತ್ತಲಲ್ಲಿ ಎರಡು ಮಾವಿನ ಮರ, ಒಂದು ಪೇರಲ ಗಿಡ, ಹಳೇ ಬಾವಿಯ ಪಕ್ಕ ಒಂದಿಷ್ಟು ಗಿಡಗಂಟಿ ಇದೆ. ದೀಪಾವಳಿಗೆ ಮುಂಚೆ ಒಂದು ಮುಂಜಾನೆ ಹಿಂದಿನ ಕೋಣೆಯ ಕಿಟಕಿ ಗಾಜಿಗೆ ಏನೋ ಬಡಿದ ಸದ್ದಾಯಿತು. ನೋಡಿದರೆ ಮುಷ್ಟಿಯಷ್ಟು ಹಕ್ಕಿ ಕೆಳಗೆ ಬಿದ್ದಿತ್ತು. ಬೆನ್ನು ಹಸಿರು, ಹೊಟ್ಟೆಯ ಕೆಳಗೆ ಕುಂಕುಮದ ಬಣ್ಣ, ಬಾಲ ಇಲ್ಲವೇ ಇಲ್ಲ ಅನ್ನಬೇಕು. ಚಪ್ಪಲಿ ಡಬ್ಬಿಯಲ್ಲಿ ಇಟ್ಟೆವು. ಒಂದು ತಾಸಿನ ಮೇಲೆ ಚೇತರಿಸಿಕೊಂಡು ಹಾರಿತು. ಆಮೇಲೆ ಐದಾರು ದಿನ ಬಾವಿಯ ಹತ್ತಿರ ಒಣ ಎಲೆ ಕೆದರುತ್ತ ಇತ್ತು. ಹಬ್ಬಕ್ಕೆಂದು ಹಿತ್ತಲು ಸ್ವಚ್ಛ ಮಾಡಿಸಿದ ಮೇಲೆ ಕಾಣಲಿಲ್ಲ. ಯಾರೋ ಸಾಕಿದ್ದು ತಪ್ಪಿಸಿಕೊಂಡು ಬಂದಿದೆ ಅಂತ ನಮ್ಮ ಅತ್ತೆ ಹೇಳುತ್ತಾರೆ. ಇದು ಯಾವ ಹಕ್ಕಿ? ಎಲ್ಲಿಂದ ಬಂತು? ಮತ್ತೆ ಬರಬೇಕಾದರೆ ಮರದಲ್ಲಿ ಗೂಡಿನ ಡಬ್ಬಿ ಕಟ್ಟಿ ಕಾಳು ಹಾಕಬೇಕೇ?

ಉತ್ತರ: ನೀವು ನೋಡಿದ್ದು ನವರಂಗ. ಅನುಮಾನವೇ ಬೇಡ. ಹಸಿರು ಬೆನ್ನು, ಹೊಟ್ಟೆಯಡಿ ಕುಂಕುಮ, ಮೋಟು ಬಾಲ, ಈ ಮೂರೂ ಒಟ್ಟಿಗೆ ಇರುವ ಹಕ್ಕಿ ನಮ್ಮ ಕಡೆ ಇನ್ನೊಂದಿಲ್ಲ. ಇಂಗ್ಲಿಷಿನವರು ಇಂಡಿಯನ್ ಪಿಟ್ಟಾ ಅನ್ನುತ್ತಾರೆ. ಇದು ಯಾರ ಪಂಜರದಿಂದಲೂ ತಪ್ಪಿಸಿಕೊಂಡು ಬಂದಿದ್ದಲ್ಲ, ಅಪ್ಪಟ ಕಾಡುಹಕ್ಕಿ. ಹಾಗಂತ ನಿಮ್ಮ ಅತ್ತೆಯವರು ಅಂದುಕೊಂಡಿದ್ದರಲ್ಲಿ ತಪ್ಪೇನೂ ಇಲ್ಲ. ಅಕ್ಟೋಬರ್, ನವೆಂಬರ್ ಬಂತೆಂದರೆ ನನಗೂ ಇಂಥ ಫೋನುಗಳು ಶುರುವಾಗುತ್ತವೆ. ಒಮ್ಮೆ ಹುಬ್ಬಳ್ಳಿಯ ಅಂಗಡಿಕಾರರೊಬ್ಬರು ಬೆಳಗ್ಗೆ ಶಟರ್ ತೆಗೆಯಲು ಹೋದಾಗ ಮೆಟ್ಟಿಲ ಮೇಲೆ ಇದೇ ಹಕ್ಕಿ ಕೂತಿತ್ತು. ಫೋಟೊ ಕಳಿಸಿ, "ಸರ್, ಯಾರೋ ಬಣ್ಣಾ ಹಚ್ಚಿ ಬಿಟ್ಟಾರ್ರೀ ಇದಕ್ಕ" ಅಂದರು. ನೋಡಿದರೆ ಹಾಗೇ ಅನ್ನಿಸುತ್ತದೆ.

ಗೂಡಿನ ಡಬ್ಬಿಯೂ ಬೇಡ, ಕಾಳೂ ಬೇಡ. ಯಾಕೆ ಅಂತ ಹೇಳುತ್ತೇನೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಹಿತ್ತಲು ಸ್ವಚ್ಛ ಮಾಡಿಸಿದ ಮೇಲೆ ಕಾಣಲಿಲ್ಲ ಅಂತ ಬರೆದಿದ್ದೀರಲ್ಲ, ಅಲ್ಲಿ. ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರ ಸಿಗುವುದು ಆ ಒಂದು ಸಾಲಿನಲ್ಲೇ.

ಮೊದಲು ಹಕ್ಕಿಯ ಪರಿಚಯ ಮಾಡಿಕೊಳ್ಳೋಣ. ಉದ್ದ ಸುಮಾರು 19 ಸೆಂಟಿಮೀಟರ್, ತೂಕ 50-60 ಗ್ರಾಂ. ಮೈನಾಕ್ಕಿಂತ ಚಿಕ್ಕದು. ಆದರೆ ಬಾಲ ಮೋಟು, ಕಾಲು ಉದ್ದ, ಎದೆ ಎತ್ತಿ ನಿಲ್ಲುವ ಗತ್ತು ಬೇರೆ. ತಲೆ ಕಂದು, ನಡುನೆತ್ತಿಯ ಮೇಲೆ ಒಂದು ಕಪ್ಪು ಗೆರೆ, ಕಣ್ಣಿನ ಮೇಲಿಂದ ಹಾದು ಹೋಗುವ ಅಗಲವಾದ ಕಪ್ಪು ಪಟ್ಟಿ. ಯಕ್ಷಗಾನದವರ ಬಣ್ಣ ನೆನಪಾಗುತ್ತದೆ. ಗಂಟಲು ಬಿಳಿ, ಎದೆ ತಿಳಿಕಂದು, ಬೆನ್ನು ಹಸಿರು, ರೆಕ್ಕೆಯಲ್ಲೂ ಬಾಲದ ಬುಡದಲ್ಲೂ ಹೊಳೆಯುವ ನೀಲಿ, ಹೊಟ್ಟೆಯ ಕೆಳಗೆ ಕೆಂಪು. ಒಂಬತ್ತು ಬಣ್ಣ ಇವೆ ಅಂತಲೇ ನವರಂಗ. ನಾನು ಎಷ್ಟು ಸಲ ಎಣಿಸಿದರೂ ಏಳಕ್ಕೇ ನಿಂತಿದ್ದೇನೆ. ಎರಡು ಬಣ್ಣ ಹೆಸರಿಟ್ಟವರ ಲೆಕ್ಕದಲ್ಲಿರಬೇಕು. ನಮ್ಮ ಕಡೆಯವರಿಗೆ ನವರಂಗ ಅಂದರೆ ಲಕ್ಕುಂಡಿಯ ಗುಡಿಯೊಳಗಿನ ಮಂಟಪವೂ ಹೌದು. ಅದು ನಾಲ್ಕು ಕಂಬದ ಸುತ್ತ ಒಂಬತ್ತು ಅಂಕಣ. ಈ ಹಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಶಾಲೆ ಮಕ್ಕಳು ಒಮ್ಮೆ ಕೇಳಿದ್ದರು, ಅದಕ್ಕೇ ಹೇಳಿದೆ.

ಹೆಸರಿನ ಕತೆ ಇನ್ನೂ ಸ್ವಲ್ಪ ಇದೆ. 1766ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಈ ಹಕ್ಕಿಗೆ ವೈಜ್ಞಾನಿಕ ಹೆಸರು ಕೊಟ್ಟಾಗ ಇದನ್ನು ಕಾಗೆಯ ಕುಲಕ್ಕೆ ಸೇರಿಸಿಬಿಟ್ಟಿದ್ದ! ಮೋಟು ಬಾಲದ ಕಾಗೆ ಅನ್ನುವ ಅರ್ಥ ಬರುವ ಹೆಸರು ಅದು. ಆಮೇಲೆ ಬಂದವರು ತಿದ್ದಿ ಬೇರೆ ಕುಲ ಮಾಡಿದರು. ಪಿಟ್ಟಾ ಅನ್ನುವ ಆ ಕುಲದ ಹೆಸರು ಬಂದದ್ದು ತೆಲುಗಿನಿಂದ. ತೆಲುಗಿನಲ್ಲಿ ಪಿಟ್ಟ ಅಂದರೆ ಹಕ್ಕಿ, ಅಷ್ಟೇ. ತಮಿಳಿನವರು ಇನ್ನೂ ಚೆನ್ನಾಗಿ ಕರೆಯುತ್ತಾರೆ: ಆರುಮಣಿ ಕುರುವಿ, ಅಂದರೆ ಆರು ಗಂಟೆ ಹಕ್ಕಿ. ಮುಂಜಾನೆ ಆರರ ಸುಮಾರಿಗೆ ಒಮ್ಮೆ, ಸಂಜೆ ಆರರ ಸುಮಾರಿಗೆ ಒಮ್ಮೆ ಕೂಗುತ್ತದೆ ಅಂತ. ಶ್ರೀಲಂಕಾದಲ್ಲಿ ಒಂದು ಜನಪದ ಕತೆ ಇದೆ. ನವಿಲು ಈ ಹಕ್ಕಿಯ ಬಟ್ಟೆ ಕದ್ದುಕೊಂಡು ಹೋಯಿತಂತೆ, ಅದಕ್ಕೇ ಇದು ಇವತ್ತಿಗೂ ಕೂಗಿ ಕೂಗಿ ದೂರು ಹೇಳುತ್ತದಂತೆ. ಬಂಕಾಪುರದ ಕೋಟೆಯಲ್ಲಿ ನವಿಲು ಗರಿ ಬಿಚ್ಚಿದ್ದನ್ನು ನೋಡಿದಾಗೆಲ್ಲ ನನಗೆ ಈ ಕೇಸು ನೆನಪಾಗುತ್ತದೆ.

ಕೂಗು ಎರಡೇ ಸ್ವರ. "ವೀ...ಟ್ ಟ್ಯೂ." ಮೊದಲನೆಯದು ಮೇಲೆ ಏರುತ್ತದೆ, ಎರಡನೆಯದು ಜಾರಿ ಇಳಿಯುತ್ತದೆ. ಮನುಷ್ಯರೇ ಸೀಟಿ ಹೊಡೆದ ಹಾಗೆ ಸ್ಪಷ್ಟ. ಕೂಗುವಾಗ ತಲೆಯನ್ನು ಹಿಂದಕ್ಕೆ ಎಸೆದು ಕೊಕ್ಕು ಆಕಾಶಕ್ಕೆ ಮಾಡುತ್ತದೆ. ಇಲ್ಲೊಂದು ವಿಷಯ ಧಾರವಾಡದವರಿಗೆ ಹೇಳಲೇಬೇಕು. ಮಡಿವಾಳ ಹಕ್ಕಿಯಂಥವು ಹಾಡು ಕಲಿಯುವುದು ಹಿರಿಯ ಹಕ್ಕಿಗಳನ್ನು ಕೇಳಿ ಕೇಳಿ. ನವರಂಗದ ಬಳಗದ ಹಕ್ಕಿಗಳಿಗೆ ಆ ಪಾಠ ಬೇಕಾಗಿಲ್ಲ, ಕೂಗು ಬಹುತೇಕ ಹುಟ್ಟಿನಿಂದಲೇ ಬರುತ್ತದೆ. ಓಣಿಗೊಬ್ಬ ಸಂಗೀತದ ಗುರು ಇರುವ ಊರಿಗೆ ಗುರುವೇ ಇಲ್ಲದ ಹಾಡುಗಾರ ಬಂದು ಹೋಗುತ್ತಾನೆ ನೋಡಿ.

ಚಳಿಗಾಲದಲ್ಲಿ ನಮ್ಮ ಹಿತ್ತಲಿಗೆ ಬಂದಾಗ ಮಾತ್ರ ಇದು ಜಾಸ್ತಿ ಕೂಗುವುದಿಲ್ಲ. ಮುಂಜಾನೆ ಒಂದೆರಡು ಸೀಟಿ, ಸಂಜೆ ಒಂದೆರಡು. ಅದಕ್ಕೇ ಪಕ್ಕದ ಮನೆಯವರಿಗೂ ಗೊತ್ತಾಗುವುದಿಲ್ಲ.

ಈಗ ಎಲ್ಲಿಂದ ಬಂತು ಅನ್ನುವ ಪ್ರಶ್ನೆ. ನವರಂಗ ಮರಿ ಮಾಡುವ ಜಾಗಗಳು ಮೂರು ಕಡೆ ಇವೆ. ಒಂದು, ಹಿಮಾಲಯದ ಬುಡದ ಕಾಡು. ಪಾಕಿಸ್ತಾನದ ಮಾರ್ಗಲ್ಲಾ ಬೆಟ್ಟಗಳಿಂದ ನೇಪಾಳದವರೆಗೆ. ಇನ್ನೊಂದು, ಮಧ್ಯ ಭಾರತದ ಗುಡ್ಡಗಾಡು. ಮತ್ತೊಂದು, ಪಶ್ಚಿಮ ಘಟ್ಟದ ಸಾಲು, ದಕ್ಷಿಣಕ್ಕೆ ನಮ್ಮ ಕರ್ನಾಟಕದವರೆಗೆ. ಮಳೆಗಾಲವೇ ಅದರ ಬಾಣಂತನದ ಕಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಗೂಡು, ಮೊಟ್ಟೆ, ಮರಿ. ಮಳೆ ನಿಂತ ಮೇಲೆ ದಕ್ಷಿಣಕ್ಕೆ ಹೊರಡುತ್ತದೆ. ಚಳಿಗಾಲವನ್ನು ದಕ್ಷಿಣ ಭಾರತದಲ್ಲೋ ಶ್ರೀಲಂಕಾದಲ್ಲೋ ಕಳೆದು, ಏಪ್ರಿಲ್-ಮೇ ಹೊತ್ತಿಗೆ ವಾಪಸ್ಸು. ಹಾಗಾಗಿ ಅಕ್ಟೋಬರ್‌ನಲ್ಲಿ ನಿಮ್ಮ ಗಾಜಿಗೆ ಬಡಿದದ್ದು ಹಾದಿಯ ಮೇಲಿದ್ದ ಹಕ್ಕಿ. ಮಧ್ಯಪ್ರದೇಶದ್ದೋ, ಡೆಹ್ರಾಡೂನಿನ ಕಡೆಯದ್ದೋ ಇರಬಹುದು. ಸಂಶೋಧಕರು ಕಾಲಿಗೆ ಗುರುತಿನ ಉಂಗುರ ಹಾಕಿದ್ದರೆ ತಿಳಿಯುತ್ತಿತ್ತು.

ಪ್ರಯಾಣ ಮಾಡುವುದು ರಾತ್ರಿ. ಇಷ್ಟು ಮೋಟು ಬಾಲದ, ಹಗಲೆಲ್ಲ ನೆಲದ ಮೇಲೆ ಕುಪ್ಪಳಿಸುವ ಹಕ್ಕಿ ಕತ್ತಲಲ್ಲಿ ನೂರಾರು ಮೈಲಿ ಹಾರುತ್ತದೆ ಅಂದರೆ ನಂಬುವುದು ಕಷ್ಟ. ಆದರೆ ಹಾರುತ್ತದೆ. ಬೆಳಗಾಗುವ ಹೊತ್ತಿಗೆ ಸುಸ್ತಾಗಿ ಎಲ್ಲಿ ಮರಗಳ ಕಪ್ಪು ಗುಂಪು ಕಾಣುತ್ತದೋ ಅಲ್ಲಿ ಇಳಿಯುತ್ತದೆ. ಊರಿನ ದೀಪಗಳು ದಾರಿ ತಪ್ಪಿಸುತ್ತವೆ. ಗಾಜಿನಲ್ಲಿ ಮರದ ಪ್ರತಿಬಿಂಬ ಕಂಡರೆ ಅದನ್ನೇ ಕಾಡು ಅಂದುಕೊಂಡು ನುಗ್ಗುತ್ತದೆ. ಅಂಗಡಿ ಮೆಟ್ಟಿಲು, ಸ್ಕೂಟರ್ ಸ್ಟ್ಯಾಂಡು, ಬಚ್ಚಲ ಮೂಲೆ, ಇಂಥಲ್ಲೆಲ್ಲ ಇದು ಸಿಗುವುದು ಇದೇ ಕಾರಣಕ್ಕೆ. ಅದೇ ದಿನಗಳಲ್ಲಿ ನಮ್ಮ ಕಡೆಗೆ ಇನ್ನೊಂದು ದೊಡ್ಡ ಮೆರವಣಿಗೆಯೂ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಗದ್ದಲವೋ ಗದ್ದಲ. ಜನ ಬಸ್ಸು ಮಾಡಿಕೊಂಡು ನೋಡಲು ಹೋಗುತ್ತಾರೆ. ನವರಂಗ ಒಂಟಿಯಾಗಿ, ರಾತ್ರಿ ಸದ್ದಿಲ್ಲದೆ ಬಂದು ನಿಮ್ಮ ಬಾವಿಯ ಪಕ್ಕ ಇಳಿದಿರುತ್ತದೆ.

ಧಾರವಾಡ ಇರುವ ಜಾಗವೂ ಹಾಗೇ ಇದೆ. ದಕ್ಷಿಣಕ್ಕೆ ಕಲಘಟಗಿ, ಪಶ್ಚಿಮಕ್ಕೆ ಅಳ್ನಾವರದ ಕಡೆ ಹೋದರೆ ಮಲೆನಾಡಿನ ಸೆರಗು ಸಿಗುತ್ತದೆ. ಪೂರ್ವಕ್ಕೆ ಅಣ್ಣಿಗೇರಿ, ಗದಗದ ಕಡೆ ಹೋದರೆ ಕಣ್ಣು ಹಾಯುವವರೆಗೂ ಎರೆಹೊಲ. ಜೋಳ, ಕಡಲೆ, ಹತ್ತಿ. ನೆರಳಿಗೆ ಒಂದು ಬೇವಿನ ಮರ. ಅಲ್ಲಿ ಇಳಿದ ನವರಂಗಕ್ಕೆ ಹಳ್ಳದ ದಂಡೆಯ ಹೊಂಗೆ ಸಾಲೋ, ಗುಡಿಯ ಸುತ್ತಲಿನ ಮರಗಳೋ ಗತಿ. ಹಾವೇರಿ ಜಿಲ್ಲೆಯಲ್ಲೂ ಇದೇ ತರಹ ಎರಡು ಮುಖ. ಹಾನಗಲ್ಲಿನ ಕಡೆ ಹಸಿರು, ರಾಣೆಬೆನ್ನೂರಿನ ಕಡೆ ಕೃಷ್ಣಮೃಗ ಓಡುವ ಬಯಲು. ಧಾರವಾಡದ ಹಳೇ ಬಡಾವಣೆಗಳ ಹಿತ್ತಲುಗಳು, ವಿಶ್ವವಿದ್ಯಾಲಯಗಳ ಆವರಣಗಳು, ಸಾಧನಕೇರಿಯ ಸುತ್ತಲಿನ ಮರಗಳು, ಇವೆಲ್ಲ ಈ ಎರಡು ಸೀಮೆಗಳ ನಡುವಿನ ಧರ್ಮಛತ್ರ ಇದ್ದ ಹಾಗೆ.

ಆ ಛತ್ರದಲ್ಲಿ ಊಟಕ್ಕೆ ಏನಿದೆ ಅನ್ನುವುದೇ ಈಗ ಮುಖ್ಯ.

ಒಂದು ಜೂನ್ ತಿಂಗಳ ಮುಂಜಾನೆ ನಾನು ಕಲಘಟಗಿ ಕಡೆಯ ಕಾಡಿನಲ್ಲಿದ್ದೆ. ಸಾಗುವಾನಿ, ಮತ್ತಿ, ನಡುವೆ ಬಿದಿರಿನ ಮೆಳೆ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಸೀಟಿ ಕೇಳುತ್ತಿತ್ತು. ಒಂದು ಎಡಕ್ಕೆ, ಅದಕ್ಕೆ ಉತ್ತರ ಬಲಕ್ಕೆ. ಆಗಿನ್ನೂ ಹುಮ್ಮಸ್ಸಿನ ವಯಸ್ಸು, ಸದ್ದಿನ ಬೆನ್ನು ಹತ್ತಿ ಅರ್ಧ ತಾಸು ಅಲೆದೆ. ನಾನು ಹೋದಷ್ಟೂ ಅದು ದೂರ ಸರಿಯಿತು. ಕೊನೆಗೆ ಸೋತು ಒಂದು ಹುತ್ತದ ಪಕ್ಕ ಕೂತೆ. ಹತ್ತು ನಿಮಿಷ ಆಗಿರಬೇಕು. ನಾಲ್ಕು ಹೆಜ್ಜೆ ಆಚೆ ಒಂದು ಸಾಗುವಾನಿ ಎಲೆ ತಾನಾಗಿಯೇ ಮಗುಚಿಕೊಂಡಿತು. ಗಾಳಿ ಇರಲಿಲ್ಲ. ಇನ್ನೊಂದು ಎಲೆ ಮಗುಚಿತು. ಆಮೇಲೆ ಹಕ್ಕಿ ಕಂಡಿತು. ಅದು ಅಷ್ಟು ಹೊತ್ತೂ ಅಲ್ಲೇ ಇತ್ತು! ನನ್ನ ಕಡೆ ಬೆನ್ನು ಮಾಡಿ ನಿಂತಿತ್ತು. ಆ ಬೆಳಕಿನಲ್ಲಿ ಹಸಿರು ಬೆನ್ನು ಇನ್ನೊಂದು ಎಲೆಯಷ್ಟೇ. ಕೆಂಪೆಲ್ಲ ಹೊಟ್ಟೆಯ ಕೆಳಗೆ, ನೆಲಕ್ಕೆ ಮುಖ ಮಾಡಿದ ಕಡೆ. ಇಷ್ಟೊಂದು ಬಣ್ಣ ಇಟ್ಟುಕೊಂಡು ಇಷ್ಟು ನಾಚಿಕೆಯ ಹಕ್ಕಿ ಹೇಗೆ ಬದುಕುತ್ತದೆ ಅಂತ ಕೇಳುತ್ತಾರಲ್ಲ, ಅವತ್ತು ನನಗೆ ಗೊತ್ತಾಯಿತು. ಅದು ತನ್ನ ಬಣ್ಣವನ್ನು ಅಡಿಯಲ್ಲಿ ಇಟ್ಟುಕೊಂಡಿದೆ.

ಅದರ ಕೆಲಸವನ್ನು ನೋಡುತ್ತ ಕೂತೆ. ಎರಡು ಕುಪ್ಪಳ ಹಾಕುತ್ತದೆ, ನಿಲ್ಲುತ್ತದೆ. ಮೋಟು ಬಾಲವನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸುತ್ತದೆ. ತಲೆ ಓರೆ ಮಾಡುತ್ತದೆ. ಎಲೆಯ ಅಂಚನ್ನು ಕೊಕ್ಕಿನಲ್ಲಿ ಹಿಡಿದು ಪಕ್ಕಕ್ಕೆ ಎಸೆಯುತ್ತದೆ, ನಾವು ರೊಟ್ಟಿ ತಿರುವಿ ಹಾಕಿದ ಹಾಗೆ. ಕೆಳಗೆ ಎರೆಹುಳು ಇದ್ದರೆ ಎಳೆದು ನುಂಗುತ್ತದೆ. ಇಲ್ಲದಿದ್ದರೆ ಮುಂದಿನ ಎಲೆ. ನಮ್ಮ ಹರಟೆಮಲ್ಲಗಳೂ ಎಲೆ ಕೆದರುತ್ತವೆ, ಆದರೆ ಅವು ಏಳೆಂಟರ ಗುಂಪು, ಜಗಳ, ಗಲಾಟೆ. ಇದು ಒಂಟಿ ಮತ್ತು ಮೌನಿ. ಧಾರವಾಡದ ಹಿತ್ತಲುಗಳಲ್ಲಿ ಹೀಗೇ ಒಂಟಿಯಾಗಿ ಎಲೆ ಕೆದರುವ ಇನ್ನೊಂದು ಹಕ್ಕಿ ಇದೆ. ತಲೆ ಎದೆಯೆಲ್ಲ ಕಿತ್ತಳೆ, ಬೆನ್ನು ಬೂದು ನೀಲಿ, ಕೆನ್ನೆಯ ಮೇಲೆ ಎರಡು ಕಪ್ಪು ಗೀರು. ಅದು ನೆಲದ ಥ್ರಷ್ ಜಾತಿ. ಅದನ್ನು ನೋಡಿ ನವರಂಗ ಅಂದವರು ಬಹಳ ಜನ. ಅದಕ್ಕೆ ಬಾಲ ಸರಿಯಾಗಿ ಇರುತ್ತದೆ, ಅಷ್ಟು ನೋಡಿಕೊಂಡರೆ ಸಾಕು.

ಹಕ್ಕಿ ಅಂದ ತಕ್ಷಣ ನಾವು ಮರದ ಕಡೆ ತಲೆ ಎತ್ತುತ್ತೇವೆ. ನವರಂಗ ಮರ ಏರುವುದು ರಾತ್ರಿ ಮಲಗಲು ಮತ್ತು ಕೂಗಲು. ಹೊಟ್ಟೆಪಾಡೆಲ್ಲ ನೆಲದ ಮೇಲೆ. ನೆಲ ಅಂದರೆ ಬರೀ ಮಣ್ಣಲ್ಲ. ಮಣ್ಣಿನ ಮೇಲೆ ಕೊಳೆತ ಎಲೆ, ಅದರ ಮೇಲೆ ಅರ್ಧ ಕೊಳೆತದ್ದು, ಅದರ ಮೇಲೆ ಈ ವರ್ಷದ ತರಗೆಲೆ. ಅಂಗೈ ದಪ್ಪದ ಈ ಹೊದಿಕೆಯೇ ಅದರ ಕಾಡು. ಮೇಲೆ ಮರಗಳಿದ್ದು ಕೆಳಗೆ ಹೊದಿಕೆ ಇಲ್ಲದಿದ್ದರೆ ಅದು ನವರಂಗದ ಪಾಲಿಗೆ ಖಾಲಿ ಜಾಗ. ನಮ್ಮ ಕಡೆಯ ನೀಲಗಿರಿ ತೋಪುಗಳನ್ನು ನೋಡಿ. ದೂರದಿಂದ ಕಾಡಿನ ಹಾಗೇ ಕಾಣುತ್ತವೆ. ಒಳಗೆ ಹೋಗಿ ಎಲೆ ಎತ್ತಿದರೆ ಎಣ್ಣೆ ವಾಸನೆಯ ಒಣ ಎಲೆ, ಕೆಳಗೆ ಗಟ್ಟಿ ನೆಲ. ಬೇಗ ಕೊಳೆಯುವುದೂ ಇಲ್ಲ, ಹುಳ ಸೇರುವುದೂ ಕಡಿಮೆ. ಅಂಥಲ್ಲಿ ನಾನು ಒಮ್ಮೆಯೂ ನವರಂಗ ನೋಡಿಲ್ಲ.

ಪಾಠ ಮಾಡುವ ದಿನಗಳಲ್ಲಿ ಹುಡುಗರಿಂದ ಒಂದು ಪ್ರಯೋಗ ಮಾಡಿಸುತ್ತಿದ್ದೆ. ನೀವೂ ಮಾಡಬಹುದು. ಮಾವಿನ ಮರದ ಕೆಳಗೆ ಒಂದಡಿ ಉದ್ದ, ಒಂದಡಿ ಅಗಲದ ಜಾಗದಿಂದ ಎಲೆಯನ್ನೂ ಅದರಡಿಯ ಬೆರಳುದ್ದ ಮಣ್ಣನ್ನೂ ಎತ್ತಿ ಹಳೇ ಬಿಳಿ ಪಂಚೆಯ ಮೇಲೆ ಹರಡಬೇಕು. ಸುಮ್ನೆ ಐದು ನಿಮಿಷ ಕೂತು ನೋಡಬೇಕು. ಮೊದಲು ಏನೂ ಇಲ್ಲ ಅನ್ನಿಸುತ್ತದೆ. ಆಮೇಲೆ ಪಂಚೆಯೇ ಓಡಾಡಲು ಶುರುವಾಗುತ್ತದೆ. ಒಂದು ಸಲ ನಮಗೆ ಸಿಕ್ಕಿದ್ದು ಮೂರು ಎರೆಹುಳು, ಒಂದು ಬಸವನಹುಳು, ಸುರುಳಿ ಸುತ್ತಿಕೊಂಡ ಒಂದು ಚಕ್ಕುಲಿ ಹುಳ, ಬಿಳಿ ಗೊಣ್ಣೆಹುಳ ಎರಡು, ಒಂದಿಷ್ಟು ಒರಲೆ, ಎರಡು ಜೇಡ, ಇರುವೆ ಲೆಕ್ಕವಿಲ್ಲ. ಹುಡುಗನೊಬ್ಬ ಜರಿ ನೋಡಿ ಪಂಚೆ ಬಿಟ್ಟು ಓಡಿದ. ಅದೇ ಮರದಿಂದ ಹತ್ತು ಹೆಜ್ಜೆ ಆಚೆ, ದಿನಾ ಗುಡಿಸುವ ಜಾಗದಲ್ಲಿ ಅಷ್ಟೇ ಮಣ್ಣು ತೆಗೆದೆವು. ಇರುವೆ ಬಿಟ್ಟರೆ ಏನೂ ಇರಲಿಲ್ಲ. ಮರ ಒಂದೇ, ಮಳೆ ಒಂದೇ. ವ್ಯತ್ಯಾಸ ಮಾಡಿದ್ದು ಕಸಬರಿಗೆ.

ಎಲೆಯ ಹೊದಿಕೆ ಮಣ್ಣಿನ ತೇವವನ್ನು ಹಿಡಿದಿಡುತ್ತದೆ. ಧಾರವಾಡದಲ್ಲಿ ನವೆಂಬರ್ ಹೊತ್ತಿಗೆ ಮಳೆ ನಿಂತು ಬಿಸಿಲಿಗೆ ನೆಲ ಬಿರಿಯುತ್ತದೆ. ಹೊದಿಕೆ ಇದ್ದಲ್ಲಿ ಎರೆಹುಳು ಮೇಲೇ ಇರುತ್ತದೆ. ಇಲ್ಲದಿದ್ದರೆ ಆಳಕ್ಕೆ ಇಳಿದುಬಿಡುತ್ತದೆ, ಹಕ್ಕಿಯ ಕೊಕ್ಕಿಗೆ ಸಿಗುವುದಿಲ್ಲ. ಅರ್ಧ ದೇಶ ಹಾರಿ ಬಂದು ಕೊಬ್ಬೆಲ್ಲ ಕರಗಿಸಿಕೊಂಡ ಹಕ್ಕಿಗೆ ಐದಾರು ದಿನ ಹೊಟ್ಟೆ ತುಂಬ ಸಿಗಬೇಕು. ಆಮೇಲೆ ಮುಂದಿನ ಪಯಣ. ನಿಮ್ಮ ಬಾವಿಯ ಪಕ್ಕ ಅದಕ್ಕೆ ಅದು ಸಿಕ್ಕಿತ್ತು.

ಇಷ್ಟು ಹೇಳಿದ ಮೇಲೆ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ನೀವು ಸುಮ್ನೆ ಕೊರಗುತ್ತೀರಿ. ಹಿತ್ತಲು ಗುಡಿಸಿದ್ದಕ್ಕೇ ಅದು ಹೋಯಿತು ಅಂತ ಖಂಡಿತವಾಗಿ ಹೇಳಲಾಗದು. ಪ್ರಯಾಣದ ಹಕ್ಕಿ, ಶಕ್ತಿ ಬಂದ ಮೇಲೆ ಹೇಗೂ ಹೋಗುತ್ತಿತ್ತು. ಆದರೆ ಗುಡಿಸಿದ ಮೇಲೆ ಉಳಿಯಲು ಅದಕ್ಕೆ ಕಾರಣವೇ ಇರಲಿಲ್ಲ.

ನನಗೂ ಇಂಥದೊಂದು ನೋವಿದೆ. ನಾನು ಪಾಠ ಮಾಡುತ್ತಿದ್ದ ಆವರಣದಲ್ಲಿ ಹಾಸ್ಟೆಲಿನ ಹಿಂದೆ ಒಂದು ಬಿದಿರು ಮೆಳೆ, ಎರಡು ನೇರಳೆ ಮರ ಇದ್ದವು. ಯಾರೂ ಆ ಕಡೆ ಹೋಗುತ್ತಿರಲಿಲ್ಲ. ವರ್ಷಾನುಗಟ್ಟಲೆ ಬಿದ್ದ ಎಲೆ ಮೊಣಕಾಲಿನವರೆಗೆ ಇತ್ತು. ಆರೇಳು ಚಳಿಗಾಲ ಸತತವಾಗಿ ಅಲ್ಲಿ ನವರಂಗ ನೋಡಿದ್ದೇನೆ. ಒಂದು ವರ್ಷ ಯಾವುದೋ ತಪಾಸಣೆ ತಂಡ ಬರುವುದಿತ್ತು. ಎರಡೇ ದಿನದಲ್ಲಿ ಎಲೆಯೆಲ್ಲ ಗುಡ್ಡೆ ಹಾಕಿ ಬೆಂಕಿ ಇಟ್ಟರು. ಆಮೇಲೆ ಸಿಮೆಂಟ್ ಕಲ್ಲು ಹಾಸಿ, ಬೆಂಚು ಇಟ್ಟು, ಪ್ರಕೃತಿ ವನ ಅಂತ ಬೋರ್ಡು ಹಾಕಿದರು. ಮರಗಳು ಹಾಗೇ ಇವೆ. ಬೋರ್ಡಿನಲ್ಲಿ ಹಕ್ಕಿಯ ಚಿತ್ರವೂ ಇದೆ. ನವರಂಗ ಮಾತ್ರ ಆ ಜಾಗದಲ್ಲಿ ಮತ್ತೆ ನನಗೆ ಕಂಡಿಲ್ಲ.

ಈಗ ನಿಮ್ಮ ಹಿತ್ತಲಿಗೆ ಬರೋಣ. ಗೂಡಿನ ಡಬ್ಬಿ ಯಾಕೆ ಬೇಡ ಅಂದೆ ಅಂದರೆ, ನವರಂಗ ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿ ಅಲ್ಲ. ಒಣ ಹುಲ್ಲು, ಎಲೆ, ಕಡ್ಡಿ ಸೇರಿಸಿ ಚೆಂಡಿನಂಥ ಗೂಡು ಕಟ್ಟುತ್ತದೆ. ಪಕ್ಕದಲ್ಲಿ ಗುಂಡನೆಯ ಬಾಗಿಲು. ನೆಲದ ಮೇಲೋ, ತಗ್ಗಿನ ಕೊಂಬೆಯ ಮೇಲೋ ಇರುತ್ತದೆ. ನಾಲ್ಕೈದು ಹೊಳೆಯುವ ಬಿಳಿ ಮೊಟ್ಟೆ, ಮೇಲೆ ನೇರಳೆ ಬಣ್ಣದ ಚುಕ್ಕೆ. ಅದೂ ಮಳೆಗಾಲದಲ್ಲಿ, ಕಾಡಿನಲ್ಲಿ. ಅಕ್ಟೋಬರ್‌ನಲ್ಲಿ ಸಪ್ತಾಪುರಕ್ಕೆ ಬರುವುದು ಉಳಿದುಕೊಂಡು ಹೋಗಲು, ಸಂಸಾರ ಹೂಡಲು ಅಲ್ಲ. ಕಾಳನ್ನೂ ಅದು ತಿನ್ನುವುದಿಲ್ಲ. ಕಾಳು ಹಾಕಿದರೆ ಪಾರಿವಾಳ ಮತ್ತು ಇಲಿ ಬರುತ್ತವೆ.

ಮಾಡಬೇಕಾದ್ದು ಇಷ್ಟೇ. ಬಾವಿಯ ಪಕ್ಕದ ಆ ಮೂಲೆಯನ್ನು ಬಿಟ್ಟುಬಿಡಿ. ಮುಂದಿನ ಅಂಗಳ ಎಂದಿನಂತೆ ಗುಡಿಸಿ, ಥಳಿ ಹೊಡೆದು, ರಂಗೋಲಿ ಹಾಕಿ. ಅದಕ್ಕೆ ನನ್ನ ತಕರಾರಿಲ್ಲ. ಹಿತ್ತಲಲ್ಲಿ ಎರಡು ಹೊರಸು ಹಾಕುವಷ್ಟು ಜಾಗ ಸಾಕು. ಬೇರೆ ಕಡೆ ಗುಡಿಸಿದ ಮಾವಿನ ಎಲೆ, ಪೇರಲ ಎಲೆಯನ್ನೂ ಅಲ್ಲೇ ಹರಡಿ. ಸುಡಬೇಡಿ. ಮಳೆ ನಿಂತ ಮೇಲೆ ಎರಡು ದಿನಕ್ಕೊಮ್ಮೆ ಪಾತ್ರೆ ತೊಳೆದ ನೀರಲ್ಲ, ಶುದ್ಧ ನೀರನ್ನು ಒಂದು ಕೊಡ ಚಿಮುಕಿಸಿದರೆ ತೇವ ಉಳಿಯುತ್ತದೆ. ಅಲ್ಲಿ ಕೀಟನಾಶಕ, ಕಳೆನಾಶಕ ಯಾವುದೂ ಬೇಡ. ಒಂದು ಅಗಲವಾದ ಮಣ್ಣಿನ ತಟ್ಟೆಯಲ್ಲಿ ಒಂದಿಂಚು ನೀರು ಇಟ್ಟು ದಿನಾ ಬದಲಿಸಿ. ಮೇಲಿಂದ ಬಿಸಿಲು ನೇರ ಬೀಳುತ್ತಿದ್ದರೆ ಒಂದೆರಡು ಪೊದೆ ಬೆಳೆಯಲು ಬಿಡಿ. ಕರಿಬೇವು, ದಾಸವಾಳ, ಲಕ್ಕಿಗಿಡ, ಏನಾದರೂ ಆಗುತ್ತದೆ. ನೆರಳಿರಬೇಕು, ಅಪಾಯ ಬಂದರೆ ನುಸುಳಲು ಸಂದಿ ಇರಬೇಕು.

ಇದನ್ನು ಹೇಳಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ನನಗೆ ಗೊತ್ತು. ಹಾವು ಬರುವುದಿಲ್ವಾ? ಹಾವು ಬರುವುದು ಎಲೆಗಲ್ಲ, ಇಲಿ ಕಪ್ಪೆಗಳ ಬೆನ್ನು ಹತ್ತಿ. ಹಿತ್ತಲಲ್ಲಿ ಪೇರಿಸಿಟ್ಟ ಇಟ್ಟಿಗೆ, ಸೌದೆ, ಹಳೇ ಹಂಚು, ಮುಸುರೆ ಚೆಲ್ಲುವ ಜಾಗ, ಇವು ಎಲೆಗಿಂತ ಹೆಚ್ಚಿನ ಆಮಂತ್ರಣ. ಎಲೆಯ ಮೂಲೆಯನ್ನು ಗೋಡೆಯಿಂದ, ಓಡಾಡುವ ದಾರಿಯಿಂದ ನಾಲ್ಕಾರು ಅಡಿ ದೂರ ಇಡಿ. ಎಲೆಯೊಳಗೆ ಬರಿಗೈ ಹಾಕಬೇಡಿ, ಬರಿಗಾಲಲ್ಲಿ ತುಳಿಯಬೇಡಿ. ಚೇಳು, ಜರಿ ಇರುತ್ತವೆ. ಪುಟ್ಟ ಮಕ್ಕಳು ಆಡುವ ಮನೆಯಾದರೆ ಒಂದು ಗೆರೆ ಇಟ್ಟಿಗೆ ಜೋಡಿಸಿ ಗುರುತು ಮಾಡಿ. ಸೊಳ್ಳೆಯದ್ದೂ ಹೀಗೇ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಿನಲ್ಲಿ. ಎಲೆಗಳ ನಡುವೆ ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಲೋಟ, ಒಡೆದ ಬಕೆಟ್ಟು ಸೇರಿದ್ದರೆ ಆರಿಸಿ ತೆಗೆಯಿರಿ. ಎಲೆ ಇರಲಿ, ಕಸ ಬೇಡ. ನಮ್ಮ ಮಾತಿನಲ್ಲಿ ಎರಡಕ್ಕೂ ಕಸ ಅಂತಲೇ ಅನ್ನುತ್ತೇವೆ, ತೊಂದರೆ ಶುರುವಾಗಿದ್ದೇ ಅಲ್ಲಿಂದ ಅನ್ನಿಸುತ್ತದೆ.

ಬೆಕ್ಕು ಇದೆಯೇ ಅಂತ ನೀವು ಬರೆದಿಲ್ಲ. ಇದ್ದರೆ ಅಕ್ಟೋಬರ್, ನವೆಂಬರ್ ಎರಡು ತಿಂಗಳು ಬೆಳಗಿನ ಜಾವ ಒಳಗೆ ಇಟ್ಟುಕೊಳ್ಳಿ. ಸುಸ್ತಾದ ನವರಂಗ ಮನುಷ್ಯ ಹತ್ತಿರ ಬಂದರೂ ಏಳುವುದಿಲ್ಲ, ಬೆಕ್ಕಿಗೆ ಅದು ತಟ್ಟೆಯಲ್ಲಿ ಬಡಿಸಿದ ಊಟ. ಹಿಂದಿನ ಕೋಣೆಯ ಗಾಜಿಗೆ ಹೊರಗಡೆಯಿಂದ ಕಾಗದದ ಪಟ್ಟಿಯನ್ನೋ ಬಣ್ಣದ ಚುಕ್ಕೆಗಳನ್ನೋ ಎರಡೆರಡು ಇಂಚಿಗೆ ಒಂದರಂತೆ ಅಂಟಿಸಿ. ಒಳಗೆ ಪರದೆ ಹಾಕಿದರೆ ಸಾಲದು, ಪ್ರತಿಬಿಂಬ ಹೊರಮೈಯಲ್ಲಿ ಇರುತ್ತದೆ. ಒಂದೇ ಒಂದು ಗಿಡುಗನ ಚಿತ್ರ ಅಂಟಿಸಿ ಬಿಡುವವರಿದ್ದಾರೆ. ಹಕ್ಕಿಗಳು ಅದರ ಪಕ್ಕದಲ್ಲೇ ಬಂದು ಬಡಿಯುತ್ತವೆ. ರಾತ್ರಿ ಹಿತ್ತಲ ದೊಡ್ಡ ದೀಪ ಬೇಕಿಲ್ಲದಿದ್ದರೆ ಆರಿಸಿ.

ಚಪ್ಪಲಿ ಡಬ್ಬಿಯ ಕೆಲಸ ನೀವು ಮಾಡಿದ್ದೇ ಸರಿ. ಗಾಜಿಗೆ ಬಡಿದ ಹಕ್ಕಿಗೆ ಬೇಕಾದ್ದು ಕತ್ತಲು, ಮೌನ, ಸ್ವಲ್ಪ ಹೊತ್ತು. ಡಬ್ಬಿಗೆ ಗಾಳಿಯ ತೂತು ಮಾಡಿ, ತಳಕ್ಕೆ ಬಟ್ಟೆ ಹಾಸಿ, ಮುಚ್ಚಿ, ಫ್ಯಾನಿನ ಕೆಳಗೆ ಅಲ್ಲದ ತಂಪು ಜಾಗದಲ್ಲಿ ಇಡಬೇಕು. ಬಾಯಿಗೆ ನೀರು ಬಿಡಬಾರದು, ಅದು ಶ್ವಾಸಕ್ಕೆ ಹೋಗಿ ಸಾಯುತ್ತದೆ. ಎಷ್ಟೋ ಹಕ್ಕಿಗಳು ಪೆಟ್ಟಿಗಿಂತ ನಮ್ಮ ಈ ಕರುಣೆಯಿಂದಲೇ ಸತ್ತಿವೆ. ಅನ್ನ, ಹಾಲು, ಬಿಸ್ಕತ್ತು ಯಾವುದೂ ಬೇಡ. ಓಣಿಯ ಮಕ್ಕಳನ್ನೆಲ್ಲ ಕರೆದು ತೋರಿಸಬೇಡಿ. ತಾಸಿಗೊಮ್ಮೆ ಡಬ್ಬಿಯನ್ನು ಹಿತ್ತಲಿಗೆ ಒಯ್ದು ಮುಚ್ಚಳ ತೆಗೆದು ದೂರ ನಿಲ್ಲಿ. ಹಾರಿದರೆ ಆಯಿತು. ಎರಡು ಮೂರು ತಾಸಾದರೂ ಏಳದಿದ್ದರೆ, ರೆಕ್ಕೆ ಜೋತುಬಿದ್ದಿದ್ದರೆ ಅರಣ್ಯ ಇಲಾಖೆಯವರಿಗೋ ಪಶುವೈದ್ಯರಿಗೋ ತಿಳಿಸಿ. ಚೆನ್ನಾಗಿದೆ ಅಂತ ಸಾಕಿಕೊಳ್ಳುವ ಆಸೆ ಮಾತ್ರ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಕಾನೂನು ಪಕ್ಕಕ್ಕಿಟ್ಟರೂ, ಹುಳ ತಿನ್ನುವ ಈ ಹಕ್ಕಿ ಪಂಜರದಲ್ಲಿ ಬಹಳ ದಿನ ಉಳಿಯುವುದಿಲ್ಲ.

ಇನ್ನೊಂದು ವಿಷಯ. ಈಚೆಗೆ ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸಿ ಫೋಟೊ ತೆಗೆಯುವ ಚಟ ಜಾಸ್ತಿಯಾಗಿದೆ. ಮರಿ ಮಾಡುವ ಕಾಲದಲ್ಲಂತೂ ಅದು ನೇರ ಅನ್ಯಾಯ. ತನ್ನ ಜಾಗಕ್ಕೆ ಇನ್ನೊಬ್ಬ ಬಂದ ಅಂತ ತಿಳಿದು ಹಕ್ಕಿ ಗೂಡು ಬಿಟ್ಟು ಓಡಿ ಬರುತ್ತದೆ. ನಿಮ್ಮ ಮನೆಯ ಹುಡುಗರು ಫೋಟೊ ತೆಗೆಯುವುದಾದರೆ ಕಿಟಕಿಯ ಹಿಂದೆ ಕೂತು ತೆಗೆಯಲಿ. ದಿನಾಂಕ, ಹೊತ್ತು ಬರೆದಿಟ್ಟು ಹಕ್ಕಿ ನೋಡಿದ್ದನ್ನು ದಾಖಲಿಸುವ ಈಬರ್ಡ್ ಎಂಬ ಜಾಲತಾಣಕ್ಕೆ ಹಾಕಲಿ. ಯಾವ ವಾರದಲ್ಲಿ ಹಕ್ಕಿ ಎಲ್ಲಿಗೆ ತಲುಪುತ್ತದೆ ಅನ್ನುವ ಲೆಕ್ಕ ಈಗ ಆಗುತ್ತಿರುವುದೇ ಇಂಥ ಹಿತ್ತಲಿನ ದಾಖಲೆಗಳಿಂದ.

ಮುಂದಿನ ವರ್ಷ ಅದೇ ಹಕ್ಕಿ ಬರುತ್ತದಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಅದೇ ಬರುತ್ತದೋ ಇನ್ನೊಂದು ಬರುತ್ತದೋ, ಉಂಗುರ ಇಲ್ಲದ ಹಕ್ಕಿಯ ಗುರುತು ಹಿಡಿಯಲಾಗದು. ಯಾವುದೋ ಒಂದು ಬರುವ ಸಾಧ್ಯತೆ ಚೆನ್ನಾಗಿಯೇ ಇದೆ. ಅಕ್ಟೋಬರ್ ಎರಡನೇ ವಾರದಿಂದ ಹಿತ್ತಲ ಬಾಗಿಲು ತೆಗೆಯುವ ಮುಂಚೆ ಐದು ನಿಮಿಷ ಕಿಟಕಿಯಲ್ಲಿ ನಿಂತು ಬಾವಿಯ ಮೂಲೆ ನೋಡಿ. ಹಕ್ಕಿಯನ್ನು ಹುಡುಕಬೇಡಿ. ಗಾಳಿ ಇಲ್ಲದಿದ್ದರೂ ಮಗುಚುವ ಎಲೆಯನ್ನು ಹುಡುಕಿ. ಮುಂದಿನ ದೀಪಾವಳಿ ಸ್ವಚ್ಛತೆಗೆ ಆಳು ಕರೆಸುವಾಗ ಆ ಮೂಲೆ ಬಿಡಲು ಮೊದಲೇ ಹೇಳಿ. ಆ ಚಪ್ಪಲಿ ಡಬ್ಬಿಯನ್ನೂ ಎಸೆಯಬೇಡಿ.